ನೀಲಿ ನೀರು ಕೆಂಪಾದ ಮನೆ

ಬಸುರಿ ಹೆಂಗಸರ ಮೂತ್ರ ಕೇಳಿಕೊಂಡು ಮನೆಮನೆ ಬಾಗಿಲು ತಟ್ಟುವವಳು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಮಹಾಯುದ್ಧದ ಕಾಲದಲ್ಲಿ ಎರಡು ವರ್ಷ ನನ್ನ ಕೆಲಸವೇ ಅದಾಗಿತ್ತು. ವಿಶ್ವವಿದ್ಯಾನಿಲಯದ ಕಡೆಯಿಂದ ಒಬ್ಬ ಡಾಕ್ಟರಮ್ಮ, ಅವರ ಹಿಂದೆ ನರ್ಸು ನಾನು. ಬಸುರಾದಾಗ ಸಕ್ಕರೆ ಕಾಯಿಲೆ ಇದ್ದರೆ ತಾಯಿಗೂ ಮಗುವಿಗೂ ಏನಾಗುತ್ತದೆ ಅಂತ ತಿಳಿಯುವ ಸಂಶೋಧನೆ. ಹದಿನೈದು ದಿನಕ್ಕೊಮ್ಮೆ ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ ಬೆಂಗಳೂರು ಕಡೆಯ ವಿಜಯಪುರಕ್ಕೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹತ್ತಿರದ ಒಂದು ಹಳ್ಳಿಗೆ ಹೋಗುತ್ತಿದ್ದೆವು. ಬಸ್ಸು ನಡುದಾರಿಯಲ್ಲಿ ನಿಂತರೆ ಡಾಕ್ಟರಮ್ಮನೂ ಇಳಿದು ತಳ್ಳಬೇಕು. ಅವರಿಗೆ ಕೋಪ ಬರುತ್ತಿತ್ತು, ನನಗೆ ನಗು.

೧. ಮನೆಯಲ್ಲೇ ಇಲ್ಲದ ಸಕ್ಕರೆ

ಮೊದಲ ದಿನ ಅರಳಿಕಟ್ಟೆ ಮೇಲೆ ನಿಂತು ಡಾಕ್ಟರಮ್ಮ, "ನಿಮ್ಮ ಮನೆ ಬಸುರಿಯರಲ್ಲಿ ಸಕ್ಕರೆ ಇದೆಯಾ ಅಂತ ನೋಡೋಕೆ ಬಂದಿದ್ದೀವಿ" ಅಂದರು. ಆಗ ರೇಷನ್ನಿನ ಕಾಲ, ಸಕ್ಕರೆ ಬಚ್ಚಿಟ್ಟವರನ್ನು ಹಿಡಿಯುತ್ತಿದ್ದರು. ಅರ್ಧ ಊರು ಬಾಗಿಲು ಹಾಕಿಕೊಂಡಿತು.

ತೆರೆದಿದ್ದ ಒಂದು ಮನೆಗೆ ಹೋದೆವು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಗಂಡ, ಅವನ ತಾಯಿ, ಐದು ತಿಂಗಳ ಬಸುರಿ ಸೊಸೆ, ಮೂರೇ ಜನ. ಸೊಸೆಯ ಮೊದಲ ಮಗು ಹುಟ್ಟುವಾಗಲೇ ಹೋಗಿಬಿಟ್ಟಿತ್ತು. ಈ ಸಲವಾದರೂ ಮಗು ಕೈಗೆ ಸಿಗಲಿ ಅಂತ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ನಾವು ಬಂದ ಕೆಲಸ ಹೇಳಿದ ಕೂಡಲೇ ಗಂಡ ಕೈಮುಗಿದ.

"ಅಮ್ಮ, ರೇಷನ್ನಲ್ಲಿ ಸಕ್ಕರೆ ಕೊಟ್ಟು ಮೂರು ತಿಂಗಳಾಯ್ತು. ಮನೇಲೇ ಇಲ್ದಿರೋದು ಅವಳ ಹೊಟ್ಟೇಲಿ ಎಲ್ಲಿಂದ ಬರುತ್ತೆ?"

ನಾವು ರೇಷನ್ನಿನವರಲ್ಲ, ಆಸ್ಪತ್ರೆಯವರು ಅಂತ ನಂಬಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ನಂಬಿಕೆ ಬಂದ ಮೇಲೆ ಅವನು ಎದ್ದು ಒಳಗೆ ಹೋದ. ಹುಳು ಸಾಕುವ ತಟ್ಟೆಗಳ ಹಿಂದಿನಿಂದ ಸಕ್ಕರೆ ಡಬ್ಬ ತಂದು ನಮ್ಮ ಕಾಫಿಗೆ ಎರಡೆರಡು ಚಮಚ ಹಾಕಿಸಿದ.

೨. ಕೆಂಪು ಬರದವಳ ಸಿಟ್ಟು

ನಮ್ಮ ಪರೀಕ್ಷೆ ಸುಲಭದ್ದು. ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಜಾಸ್ತಿ ಇದ್ದರೆ ಇಟ್ಟಿಗೆ ಕೆಂಪು. ಇದನ್ನೆಲ್ಲ ಅದೇ ಮನೆಯ ಜಗಲಿಯಲ್ಲಿ ಮಾಡುತ್ತಿದ್ದೆವು. ನೋಡುವುದಕ್ಕೆ ಬೀದಿ ಹೆಂಗಸರೆಲ್ಲ ಸೇರುತ್ತಿದ್ದರು.

ಆ ಮನೆಯ ಸೀಸೆಯನ್ನು ಅತ್ತೆಯೇ ಸೆರಗಿನಡಿ ಮುಚ್ಚಿ ತಂದುಕೊಡುತ್ತಿದ್ದಳು. ಸೊಸೆಯ ಮೇಲೆ ಎಷ್ಟು ಅಕ್ಕರೆ ಅಂತ ನಾನು ಡಾಕ್ಟರಮ್ಮನ ಹತ್ತಿರ ಹೊಗಳಿದ್ದೂ ಉಂಟು. ಕಾಯಿಸಿದರೆ ಇಟ್ಟಿಗೆ ಕೆಂಪು. ಡಾಕ್ಟರಮ್ಮನ ಮುಖ ಸಣ್ಣಗಾಯಿತು.

ಪಕ್ಕದ ಮನೆ ಬಸುರಿಗೆ ಮಾತ್ರ ಬೇರೆ ಸಂಕಟ. "ನಮ್ಮದು ಹೋದ ಸಲಾನೂ ನೀಲಿ, ಈ ಸಲಾನೂ ನೀಲಿ. ಅವರ ಮನೇದಕ್ಕೆ ಮಾತ್ರ ಅಷ್ಟು ಚೆಂದದ ಬಣ್ಣ ಬಂತಲ್ಲ, ಔಷಧಿ ಏನಾದ್ರೂ ಬೇರೆ ಹಾಕಿದ್ರಾ?"

ಕೆಂಪು ಬಂದರೆ ಕಾಯಿಲೆ ಕಣಮ್ಮ, ನಿನ್ನದೇ ಒಳ್ಳೇದು ಅಂತ ಎಷ್ಟು ಹೇಳಿದರೂ ಅವಳ ಮೂತಿ ಸರಿಹೋಗಲಿಲ್ಲ. ಮುಂದಿನ ಸಲ ಸೀಸೆ ಬಿಟ್ಟು ಚೊಂಬನ್ನೇ ತಂದಿಟ್ಟಳು.

"ಸಾಲದೇ ಬಂತೇನೋ ಅಂತ ತುಂಬ ತಂದಿದ್ದೀನಿ. ಈಗ ನೋಡಿ."

೩. ಬಯಕೆ ತಿಂಡಿ

ಸೊಸೆಗೆ ಬೆಲ್ಲ, ಸಕ್ಕರೆ, ಸಿಹಿತಿಂಡಿ ಎಲ್ಲ ಬಂದ್ ಆಯಿತು. ಅತ್ತೆ ಕಾವಲಿಗೆ ನಿಂತಳು. ಏಳನೇ ತಿಂಗಳಲ್ಲಿ ತವರಿನವರು ಬಯಕೆಗೆ ಅಂತ ಒಂದು ಬುಟ್ಟಿ ಕಜ್ಜಾಯ ತಂದರು. ಸೊಸೆ ಬುಟ್ಟಿಯನ್ನೇ ನೋಡುತ್ತ ಕೂತಿದ್ದಳಂತೆ. ಅತ್ತೆ ಅದನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಹದಿನೈದು ದಿನ ಬಿಟ್ಟು ಹೋಗಿ ಕಾಯಿಸಿದರೆ ಕೆಂಪು ಮೊದಲಿಗಿಂತ ಗಾಢ. ಡಾಕ್ಟರಮ್ಮ ಸೊಸೆಯನ್ನು ಕರೆದು, "ಕದ್ದು ತಿಂತಿದ್ದೀಯ?" ಅಂತ ಗದರಿದರು. ಅವಳು ಅಳುತ್ತ, "ದೇವರಾಣೆ, ಬೆರಳಲ್ಲೂ ಮುಟ್ಟಿಲ್ಲ" ಅಂದಳು.

"ಮತ್ತೆ ಆ ಕಜ್ಜಾಯ ಎಲ್ಲಿ?" ಅಂತ ನಾನು ಅಟ್ಟ ಹತ್ತಿ ನೋಡಿದೆ. ಬುಟ್ಟಿಯಲ್ಲಿ ಗಸಗಸೆ ಕಾಳು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಇಲಿ ಕಾಟ ಜಾಸ್ತಿ ಕಣಮ್ಮ" ಅಂದಳು ಅತ್ತೆ, ಬಾಯಿ ಒರೆಸಿಕೊಳ್ಳುತ್ತ.

೪. ಇಬ್ಬರ ಹೆರಿಗೆ

ಡಾಕ್ಟರಮ್ಮ ಕೊನೆಗೆ ಹೇಳಿದರು: "ಇನ್ನು ಇಲ್ಲಿಟ್ಟರೆ ಮಗು ಉಳಿಯೋದು ಕಷ್ಟ. ಹೆರಿಗೆ ಆಗೋವರೆಗೂ ಇವಳು ಬೆಂಗಳೂರಿನ ಆಸ್ಪತ್ರೆಯಲ್ಲೇ ಇರಲಿ." ಸೊಸೆ ಬರುವುದಿಲ್ಲ ಅಂತ ಕಂಬ ತಬ್ಬಿ ಹಿಡಿದಳು.

ಆಗ ಅತ್ತೆ ಮುಂದೆ ಬಂದು ಡಾಕ್ಟರಮ್ಮನ ಕೈ ಹಿಡಿದಳು.

"ಅವಳನ್ನ ಕರ್ಕೊಂಡು ಹೋಗ್ಬೇಡಿ ತಾಯಿ. ಆ ಸೀಸೇಲಿದ್ದದ್ದು ನಂದು."

"ನಿಂದಾ?"

"ಒಂದು ಮಗು ಕಳ್ಕೊಂಡವಳು ಅವಳು. ಅವಳ ಮೈಯಿಂದ ಬಂದದ್ದು ಹೊರಗೆ ಹೋಗಿ, ಯಾರ ಕೈಗೆ ಸಿಕ್ಕಿ, ಯಾರು ಏನು ಮಾಟ ಮಾಡಿಸ್ತಾರೋ ಅಂತ ಭಯ. ನಾನು ಮುದುಕಿ, ಮಾಡಿಸೋದಿದ್ರೆ ನನಗೇ ಮಾಡಿಸಲಿ ಅಂತ ಪ್ರತಿ ಸಲ ನಂದೇ ಕೊಟ್ಟೆ."

"ಕಜ್ಜಾಯ?"

"ಅವಳು ತಿನ್ನಂಗಿಲ್ಲ ಅಂದ್ರಿ. ಕೆಟ್ಟುಹೋಗುತ್ತಲ್ಲ. ದಿನಾ ಎರಡೆರಡು ನಾನೇ ತಿಂದ್ಬಿಟ್ಟೆ."

ಸೊಸೆಯ ಕೈಗೆ ನಾನೇ ಸೀಸೆ ಕೊಟ್ಟು ಬಾಗಿಲಲ್ಲಿ ಕಾದು ನಿಂತೆ. ತಂದದ್ದನ್ನು ಕಾಯಿಸಿದೆ. ನೀಲಿ ಅಲ್ಲಾಡಲಿಲ್ಲ. ಇನ್ನೊಂದು ಸಲ ಕಾಯಿಸಿದೆ, ಆಗಲೂ ನೀಲಿಯೇ. ಅತ್ತೆ ಸೊಸೆಯನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಡಾಕ್ಟರಮ್ಮ ಮಾತ್ರ ಪುಸ್ತಕ ತೆಗೆದು ಎರಡು ತಿಂಗಳ ಬರವಣಿಗೆಯ ಮೇಲೆ ಗೀಟು ಎಳೆದರು. ಆಮೇಲೆ ಸೊಸೆಯ ಪಥ್ಯವನ್ನೆಲ್ಲ ಅತ್ತೆಗೆ ವರ್ಗಾಯಿಸಿದರು. ಈಗ ಕಾವಲಿಗೆ ನಿಂತವಳು ಸೊಸೆ. ಎರಡು ತಿಂಗಳ ಬಡ್ಡಿ ಸೇರಿಸಿ ಕಾದಳು.

ಹೆಣ್ಣು ಮಗು ಹುಟ್ಟಿತು, ಕಿರುಚುವ ಗಂಟಲಿನ ಗಟ್ಟಿ ಮಗು. ನಾಮಕರಣಕ್ಕೆ ನಮ್ಮನ್ನು ಕರೆದಿದ್ದರು. ಎಲೆ ಹಾಕಿ ಒಬ್ಬಟ್ಟು ಬಡಿಸುತ್ತ ಬಂದರು. ಅತ್ತೆಯ ಎಲೆಗೆ ಒಬ್ಬಟ್ಟು ಬೀಳುವುದೇ ತಡ, ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಸೊಸೆ ಕೈಚಾಚಿ ಅದನ್ನು ಎತ್ತಿಕೊಂಡಳು.

ಅತ್ತೆ ಡಾಕ್ಟರಮ್ಮನ ಕಡೆ ತಿರುಗಿದಳು.

"ಎರಡು ತಿಂಗಳು ನಿಮ್ಮ ಪುಸ್ತಕದಲ್ಲಿ ನಾನೇ ತಾನೆ ಬಸುರಿ ಆಗಿದ್ದದ್ದು? ಬಾಣಂತಿ ಅಂತ ಒಂದು ಚೂರಾದ್ರೂ ಕೊಡ್ಸಿ ತಾಯಿ."