ಕುರಿಹಟ್ಟಿಯ ಮನೆಪಾಠ

ಪಾಠ ಹೇಳೋಕೆ ಹೋದವರು ತಾವೇ ಪೆಚ್ಚಾಗಿ ವಾಪಸ್ಸು ಬರೋದು ನಮ್ಮ ಕಸುಬಿನಲ್ಲಿ ಇದ್ದದ್ದೇ. ನನಗಂತೂ ಒಂದೇ ಮನೆಯಲ್ಲಿ, ಒಂದೇ ಹುಡುಗಿಯಿಂದ, ವರ್ಷವಿಡೀ ಹಾಗಾಯಿತು.

ಕನ್ನಡನಾಡೆಲ್ಲ ಒಂದೇ ರಾಜ್ಯವಾಗಿ ಎರಡು ವರ್ಷವಾಗಿತ್ತು. ಶಿಕಾರಿಪುರದವಳಾದ ನನ್ನನ್ನು ಸೊರಬದ ಕಡೆಯ ಒಂದು ಹಳ್ಳಿ ಶಾಲೆಗೆ ಹಾಕಿದ್ದರು. ಅಲ್ಲಿ ಕುರಿ ಸಾಕುವವರ ಮನೆಯ ಎಂಟು ವರ್ಷದ ಹುಡುಗಿಯೊಬ್ಬಳು ಶಾಲೆಗೆ ಬರುತ್ತಿರಲಿಲ್ಲ. ಮಾತು ಕಮ್ಮಿ. ಯಾರ ಮುಖವನ್ನೂ ನೋಡಳು, ಯಾರಾದರೂ ಮುಟ್ಟಿದರೆ ಹೌಹಾರುವಳು. ಸೇರಿಸಿದ ದಿನ ಗಂಟೆ ಹೊಡೆದದ್ದೇ ತಡ, ಕಿವಿ ಮುಚ್ಚಿಕೊಂಡು ಮನೆಗೆ ಓಡಿದ್ದಳಂತೆ. "ಇದಕ್ಕೆ ವಿದ್ಯೆ ಹತ್ತೋದಿಲ್ಲ" ಎಂದು ಹೆಡ್‌ಮಾಸ್ತರರು ಹೆಸರು ಹೊಡೆದುಹಾಕಿದ್ದರು.

ಒಂದು ದಿನ ಅವಳ ತಾಯಿ ಬಂದಳು. "ಅಕ್ಕೋರೇ, ಮನೇಲಿ ದಿನವಿಡೀ ಒಬ್ಬಳೇ ಏನಾದ್ರೂ ಆಡ್ತಿರ್ತಾಳೆ. ಆ ಆಟದೊಳಗೇ ನಾಕು ಅಕ್ಷರ ತೂರಿಸೋಕಾಗುತ್ತಾ ನೋಡ್ರೀ" ಅಂದಳು. ಶಾಲೆ ಬಿಟ್ಟಮೇಲೆ ಅವರ ಮನೆಗೆ ಹೋಗತೊಡಗಿದೆ.

೧. ಹೆಸರು

ಹುಡುಗಿ ಜಗಲಿಯ ಮೇಲೆ ಹುಣಸೆಬೀಜ ಸಾಲಾಗಿ ಜೋಡಿಸುತ್ತಿದ್ದಳು.

"ನಿನ್ನ ಹೆಸರು ಹೇಳ್ತೀಯೇನವ್ವಾ?"

"ಹೂಂ."

ಕಾದೆ. ಇನ್ನೂ ಹತ್ತು ಬೀಜ ಸಾಲಿಗೆ ಸೇರಿದವು.

"ಹೇಳ್ತೀಯಾ?"

"ಹೇಳ್ತೀನಿ."

ಮತ್ತೆ ಕಾದೆ. ಒಳಗಿನಿಂದ ತಾಯಿ ಕೂಗಿದಳು: "ಹೇಳ್ತೀಯಾ ಅಂದ್ರಿ, ಹೇಳ್ತೀನಿ ಅಂದ್ಲು. ಯಾವಾಗ ಅಂತ ನೀವು ಕೇಳ್ಲೇ ಇಲ್ವಲ್ಲ ಅಕ್ಕೋರೇ!"

೨. ಅಳಗುಳಿ ಮಣೆ

ಬೀಜ ಇಷ್ಟವಾದರೆ ಬೀಜದಲ್ಲೇ ಲೆಕ್ಕ ಕಲಿಸೋಣವೆಂದು ಅವರ ಅಟ್ಟದ ಮೇಲಿದ್ದ ಅಳಗುಳಿ ಮಣೆ ಇಳಿಸಿದೆ. ಗುಳಿಗೆ ಐದೈದು ಬೀಜ ಹಾಕಿ ಆಟ ತೋರಿಸಿದೆ. ಮೊದಲ ಸಂಜೆ ನಾನು ಗೆದ್ದೆ. ಎರಡನೇ ಸಂಜೆ ಅವಳು ಗೆದ್ದಳು. ಅಲ್ಲಿಂದಾಚೆಗೆ ನಾನು ಗೆದ್ದ ನೆನಪಿಲ್ಲ. ನಾನು ಬೆರಳು ಮಡಚಿ ಎಣಿಸುವಷ್ಟರಲ್ಲಿ ಅವಳು ಬೀಜ ಬಾಚಿಯಾಗಿರುತ್ತಿತ್ತು.

ವಾರವಿಡೀ ಮೂಲೆಯಲ್ಲಿ ಕೂತು ನೋಡಿದ ಅಜ್ಜಿ ಕೊನೆಗೆ ಕೇಳಿದಳು: "ಅಕ್ಕೋರೇ, ತಪ್ಪು ತಿಳೀಬೇಡಿ. ನಿಮ್ಮಿಬ್ಬರಲ್ಲಿ ಸಂಬಳ ಯಾರಿಗೆ ಬರೋದು?"

೩. ರೊಟ್ಟಿ

ಬಳಪ ಸ್ಲೇಟಿನ ಮೇಲೆ ಕಿರ್ರೆಂದರೆ ಅವಳಿಗೆ ಆಗದು. ತಾಯಿಗೆ ಒಂದು ಉಪಾಯ ಹೊಳೆಯಿತು. ಮೊರದಲ್ಲಿ ಜೋಳದ ಹಿಟ್ಟು ಹರಡಿ, "ಇದರ ಮೇಲೆ ಬರೆಸಿ ನೋಡ್ರೀ" ಅಂದಳು. ಹುಡುಗಿ ಮೆತ್ತಗೆ ಬೆರಳಿಟ್ಟು 'ಅ' ಬರೆದಳು. ಮುದ್ದಾದ 'ಅ'! ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ಅದನ್ನು ಅಳಿಸಲು ಹುಡುಗಿ ಬಿಡಲೊಲ್ಲಳು. ಮನೆಯಲ್ಲಿದ್ದ ಹಿಟ್ಟು ಅಷ್ಟೇ. ಹಸಿದು ಬಂದ ಅಪ್ಪ ಒಲೆಯ ಮೇಲಿನ ಖಾಲಿ ಹಂಚು ನೋಡಿದರು, ಮೊರ ನೋಡಿದರು.

"ಒಟ್ಟು ಎಷ್ಟು ಅಕ್ಷರ ಅಕ್ಕೋರೇ?"

"ಐವತ್ತರ ಹತ್ತಿರ."

ಅವರು ಗೋಡೆಗೊರಗಿ ಕೂತರು. "ಇದಕ್ಕಿಂತ ಸಣ್ಣ ಭಾಷೆ ಯಾವುದಾದ್ರೂ ಇದ್ರೆ ಅದನ್ನೇ ಕಲಿಸಬಾರದೇ?"

೪. ಕಳೆಯುವ ಲೆಕ್ಕ

ಮಾರನೆಯ ದಿನ ಅಪ್ಪನೇ ಹಳ್ಳದಿಂದ ಒಂದು ಬುಟ್ಟಿ ಮರಳು ಹೊತ್ತು ತಂದರು. ಆ ಮರಳಲ್ಲಿ ವರ್ಷದೊಳಗೆ ಅಕ್ಷರಗಳೆಲ್ಲ ಬಂದವು. ಆದರೂ ಹೆಡ್‌ಮಾಸ್ತರರು, "ಇನ್ಸ್‌ಪೆಕ್ಟರ್ ಸಾಹೇಬರು ಒಪ್ಪಿದರೆ ಮಾತ್ರ ಸೇರಿಸ್ತೀನಿ" ಎಂದರು. ಸಾಹೇಬರು ಬಂದ ದಿನ ನನ್ನ ಪುಣ್ಯಕ್ಕೆ ಮಾಸ್ತರರು ಗಂಟೆ ಹೊಡೆಯದಿರಲು ಒಪ್ಪಿಕೊಂಡರು. ಹುಡುಗಿಯನ್ನು ಶಾಲೆಗೆ ಕರೆತಂದ ತಾಯಿ ಬಾಗಿಲಲ್ಲೇ ನಿಂತಿದ್ದಳು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನನ್ನ ಹತ್ರ ಇಪ್ಪತ್ತು ಕುರಿ ಇದ್ದವು. ಅದರಲ್ಲಿ ಐದು ಕಳೆದೆ. ಎಷ್ಟು ಉಳಿದವು?"

ಹುಡುಗಿ ಬೆಚ್ಚಿಬಿದ್ದಳು. "ಎಲ್ಲಿ ಕಳೆದ್ರಿ?"

"ಎಲ್ಲೂ ಇಲ್ಲಮ್ಮ. ಲೆಕ್ಕದಲ್ಲಿ ಕಳೆದೆ."

"ಹುಡುಕಿದ್ರಾ?"

ಸಾಹೇಬರು ತಡವರಿಸಿದರು. "ಇಲ್ಲ."

"ಉಳಿದಿರೋದು ಹದಿನೈದು. ಅವನ್ನ ಕೂಡಿಹಾಕಿ ಬನ್ನಿ. ಐದನ್ನ ಹುಡುಕೋಣ" ಎಂದವಳೇ, ಯಾರನ್ನೂ ಮುಟ್ಟದ ಆ ಹುಡುಗಿ ಸಾಹೇಬರ ಕೋಟಿನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೆಡ್‌ಮಾಸ್ತರರ ಮುಖ ಬಿಳಿಚಿತು. ಕಿಟಕಿಯಿಂದ ನೋಡಿದರೆ ಸಾಹೇಬರು ಬಗ್ಗಿ ಬಗ್ಗಿ ಬೇಲಿಯ ಸಂದಿಯಲ್ಲಿ ಇಣುಕುತ್ತಿದ್ದರು.

ಶಾಲೆಗೆ ಒಂದು ಸುತ್ತು ಹಾಕಿ ಬೆವರೊರೆಸಿಕೊಳ್ಳುತ್ತ ಒಳಗೆ ಬಂದು ಹೇಳಿದರು: "ಐದೂ ಸಿಕ್ಕಿದವು ಮಾಸ್ತರೇ. ಈ ಹುಡುಗಿ ಹೆಸರು ಬರ್ಕೊಳ್ಳಿ."

ಅವರು ಸೈಕಲ್ ಹತ್ತುವಾಗ ಹುಡುಗಿ ಹಿಂದೆಯೇ ಹೋಗಿ ಗದರಿದಳು:

"ಇನ್ನೊಂದು ಸಲ ಕಳೀಬೇಡಿ!"