ಡಬ್ಬಿ ಎಣಿಸುತ್ತಿದ್ದ ಅತ್ತೆ

ನಮ್ಮ ಸೋದರತ್ತೆಯ ಪಕ್ಕ ಬಸ್ಸಿನಲ್ಲಿ ಕೂರಲು ಜನ ಹಿಂದೆಮುಂದೆ ನೋಡುತ್ತಿದ್ದರು. ಹಾಗೆಂದು ಅವರಿಗೆ ಯಾವ ಅಂಟುರೋಗವೂ ಇರಲಿಲ್ಲ. ಪಕ್ಕದವರ ಚೀಲವನ್ನು ಮೇಲಿನಿಂದಲೇ ಒತ್ತಿ ನೋಡುವ ಅಭ್ಯಾಸವಿತ್ತು, ಅಷ್ಟೇ. ಒಳಗೆ ಊಟದ ಡಬ್ಬಿ ಇದೆಯೋ ಇಲ್ಲವೋ ಎಂಬುದು ಅವರಿಗೆ ಗೊತ್ತಾಗಲೇಬೇಕಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಅತ್ತೆ ಗುಬ್ಬಿಯಲ್ಲಿದ್ದರು. ಮಾವ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳಗ್ಗೆ ಏಳರ ಬಸ್ಸು ಹತ್ತಿ ತುಮಕೂರಿಗೆ ಬಂದು, ಬಟವಾಡಿಯಲ್ಲಿ ಲಂಗ ಹೊಲಿಯುವ ಒಂದು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಕೆಲಸ ಮಾಡುತ್ತಿದ್ದರು. ಆ ಬಸ್ಸಿನಲ್ಲಿ ನಿಲ್ಲುವುದಕ್ಕೂ ಪುಣ್ಯ ಮಾಡಿರಬೇಕಿತ್ತು. ಅಷ್ಟು ನೂಕುನುಗ್ಗಲಿನಲ್ಲೂ ಅತ್ತೆ ಮುಂದಿನಿಂದ ಹಿಂದಿನವರೆಗೆ ಡಬ್ಬಿಗಳನ್ನು ಎಣಿಸಿ, ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಳ್ಳುತ್ತಿದ್ದರು.

ಒಂದು ದಿನ ಕಂಡಕ್ಟರಿಗೆ ತಡೆಯಲಾಗಲಿಲ್ಲ. "ಅಮ್ಮಾ, ಪ್ಯಾಸೆಂಜರ್ ಎಣಿಸೋದು ನನ್ನ ಕೆಲಸ. ನಿಮ್ದೇನು?"

"ನೀನು ತಲೆ ಎಣಿಸ್ಕಳಪ್ಪ. ನಾನು ಹೊಟ್ಟೆ ಎಣಿಸ್ತೀನಿ."

ಗುಬ್ಬಿಯಿಂದ ಹೋಗುವ ಡಬ್ಬಿಗಳ ಲೆಕ್ಕ ಸಿಕ್ಕಿತು. ಗುಬ್ಬಿಗೆ ಬರುವ ಡಬ್ಬಿಗಳು? ಅದಕ್ಕಾಗಿ ಒಂದು ಮಂಗಳವಾರ ಹೊಟ್ಟೆನೋವೆಂದು ರಜೆ ಹಾಕಿ, ಬೆಳಗ್ಗೆಯಿಂದ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರು. ಆ ವಾರ ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬಂದು ಫಲಿತಾಂಶ ಪ್ರಕಟಿಸಿದರು.

"ಒಂದು ಬಸ್ಸಲ್ಲಿ ಹೋಗಿದ್ದು ಮೂವತ್ತೆಂಟು. ಬೆಳಗ್ಗೆಲ್ಲ ನಿಂತ್ರೂ ಬಂದಿದ್ದು ಮೂರು. ಆ ಮೂರ್ರಲ್ಲಿ ಎರಡು ಮೇಷ್ಟ್ರುಗಳ್ದು, ಒಂದು ಬ್ಯಾಂಕಿನೋರ್ದು. ಡಬ್ಬಿ ಎಲ್ಲಿಗೆ ಹೋಗ್ತದೋ ಕೆಲಸ ಅಲ್ಲೈತೆ. ಎಲ್ಲಿಂದ ಹೊರಡ್ತದೋ ಅಲ್ಲಿಲ್ಲ. ಸರಿ ತಾನೆ?"

ನಾನಾಗ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೆ. ಓದುವವನ ಗತ್ತು ಬಿಡುವುದುಂಟೇ? ಇದಕ್ಕೆ ಶಾಸ್ತ್ರೀಯ ವಿಧಾನವಿದೆ ಎಂದು ಕಾಗದ ತೆಗೆದು ವಿವರಿಸಿದೆ. ಜಿಲ್ಲೆಯ ಎಲ್ಲ ದುಡಿಯುವವರಲ್ಲಿ ಗುಬ್ಬಿಯವರ ಪಾಲೆಷ್ಟು? ಜಿಲ್ಲೆಯ ಕಾರ್ಖಾನೆ ಕೆಲಸಗಳಲ್ಲಿ ಗುಬ್ಬಿಯ ಪಾಲೆಷ್ಟು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಬೇಕು. ಒಂದಕ್ಕಿಂತ ಕಡಿಮೆ ಬಂದರೆ ಊರಿಗೆ ಸಿಗಬೇಕಾದಷ್ಟು ಸಿಕ್ಕಿಲ್ಲ ಎಂದರ್ಥ.

ಅತ್ತೆ ಗಮನವಿಟ್ಟು ಕೇಳಿದರು. "ಭಾಗಾಕಾರ ನೀವು ಮಾಡ್ಕಳಿ ಕಣೋ. ನಿಂತ್ಕಂಡು ಹೋಗೋರು ನಾವು," ಎಂದು ಕಾಫಿ ಲೋಟ ಕೆಳಗಿಟ್ಟರು.

ಅತ್ತೆಯ ಸಂಶೋಧನೆ ಒಂದು ತಾಲ್ಲೂಕಿಗೆ ನಿಲ್ಲುವಂಥದ್ದಲ್ಲ. ಕುಣಿಗಲ್ಲಿನಲ್ಲಿ ನೆಂಟರ ಮದುವೆಯಾಯಿತು. ಮರುದಿನ ಎಲ್ಲರೂ ಮಾರ್ಕೋನಹಳ್ಳಿ ಡ್ಯಾಮ್ ನೋಡಲು ವ್ಯಾನು ಹತ್ತಿದರೆ, ಅತ್ತೆ ರೇಷ್ಮೆ ಸೀರೆಯಲ್ಲಿ ಕುಣಿಗಲ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂತರು. ಬೀಗರ ಮುಂದೆ ನಮ್ಮ ಮಾನ ಹೋಯಿತು. ಸಂಜೆ ವಾಪಸು ಬಂದವರನ್ನು ಡ್ಯಾಮು ಹೇಗಿತ್ತೆಂದೂ ಕೇಳಲಿಲ್ಲ. "ಗುಬ್ಬಿ ಮುದ್ದೆ ತುಮಕೂರಿಗೆ ಹೋಗ್ತದೆ, ಕುಣಿಗಲ್ ಮುದ್ದೆ ಬೆಂಗಳೂರಿಗೆ ಹೋಗ್ತದೆ. ನೀರಾದ್ರೂ ಡ್ಯಾಮಲ್ಲಿ ನಿಂತದೆ. ಜನ ನಿಲ್ಲಲ್ವಲ್ಲ," ಎಂದರು. ಬೀಗರು ನನ್ನ ಕಿವಿಯಲ್ಲಿ, "ಅವರಿಗೆ ಯಾವಾಗಿಂದ ಹೀಗೆ?" ಎಂದು ಕೇಳಿದರು.

ಇಷ್ಟಕ್ಕೇ ಮುಗಿದಿದ್ದರೆ ಅದನ್ನೊಂದು ಖಯಾಲಿ ಎಂದು ನಾವು ಸುಮ್ಮನಾಗಬಹುದಿತ್ತು. ಅತ್ತೆ ಕ್ಯಾಲೆಂಡರ್ ಹಾಳೆಗಳನ್ನು ಸುತ್ತಿಕೊಂಡು ಸೀದಾ ತಮ್ಮ ಗಾರ್ಮೆಂಟ್ಸಿನ ಮಾಲೀಕರ ಮುಂದೆ ಹೋಗಿ ನಿಂತರು. ಸಾಕ್ಷಿಗೆ ನನ್ನನ್ನೂ ಕರೆದೊಯ್ದರು. "ಆ ಭಾಗಾಕಾರ ಹೇಳು, ಸಾಕು," ಎಂದು ದಾರಿಯಲ್ಲಿ ಪಾಠ ಮಾಡಿದ್ದರು.

"ಸರ್, ನಿಮ್ಮ ಹೆಣ್ಮಕ್ಕಳಲ್ಲಿ ಅರ್ಧ ಜನ ಗುಬ್ಬಿ ಕಡೆಯೋರು," ಎಂದು ಅತ್ತೆ ಶುರು ಮಾಡಿದರು. "ಹತ್ತು ಮಿಷನ್ ಅಲ್ಲೇ ಹಾಕಿ. ನಾನು ನಡೆಸ್ತೀನಿ."

ಮಾಲೀಕರು ಒಳ್ಳೆಯವರೇ. ತಾಳ್ಮೆಯಿಂದ ವಿವರಿಸಿದರು. "ಇಲ್ಲಿ ಮಿಷನ್ ಕೆಟ್ರೆ ಮೆಕ್ಯಾನಿಕ್ ಎದುರು ರಸ್ತೆಲವ್ನೆ. ದಾರ, ಲಾಡಿ ಎಲ್ಲ ಪಕ್ಕದ ಅಂಗಡೀಲಿ. ಲಾರಿ ಆಫೀಸು ಹೈವೇಲಿ. ಗುಬ್ಬೀಲಿ ಒಂದು ಸೂಜಿ ಮುರಿದ್ರೆ ದಿನ ಹಾಳು. ಎಲ್ಲಾ ಇರೋ ಕಡೆ ಎಲ್ಲರೂ ಬರ್ತಾರಮ್ಮ."

ಅತ್ತೆ ನನ್ನ ಕಡೆ ನೋಡಿದರು. ನನಗೆ ಹಿಂದಿನ ವಾರವಷ್ಟೇ ಕಾಲೇಜಿನಲ್ಲಿ ಅದೇ ಪಾಠ ಆಗಿತ್ತು. ನನ್ನ ಬಾಯಿಯಿಂದ ಬಂದದ್ದು ಇಷ್ಟು: "ಹೌದು ಅತ್ತೆ, ಪುಸ್ತಕದಲ್ಲೂ ಹಾಗೇ ಇದೆ."

ಅಂಥ ಸಾಕ್ಷಿಯನ್ನು ಯಾವ ಕೋರ್ಟೂ ಕಂಡಿರಲಿಕ್ಕಿಲ್ಲ. ಅತ್ತೆ ನನ್ನನ್ನು ಮತ್ತೆ ನೋಡಲಿಲ್ಲ. ಮಾಲೀಕರಿಗೇ ಹೇಳಿದರು: "ಪಕ್ಕದೋರು ಕೂತವ್ರೆ ಅಂತ ನೀವು ಕೂತಿದೀರ. ನೀವು ಕೂತಿದೀರ ಅಂತ ಅವರು ಕೂತವ್ರೆ. ಯಾರಾದ್ರೂ ಒಬ್ರು ಎದ್ದು ನೋಡ್ಬೇಕಲ್ಲ?"

ಮಾಲೀಕರು ನಕ್ಕರು. "ಹಂಗಾದ್ರೆ ನೀವೇ ಏಳಿ."

ಅತ್ತೆ ಎದ್ದರು. ಅವತ್ತೇ ಕೆಲಸ ಬಿಟ್ಟರು.

ಮನೆಯಲ್ಲಿ ಗಲಾಟೆಯಾಯಿತು. ನಮ್ಮಪ್ಪ ಗುಬ್ಬಿಗೇ ಹೋಗಿ ತಂಗಿಗೆ ಬುದ್ಧಿ ಹೇಳಿದರು. "ಇರೋ ಕೆಲಸ ಬುಟ್ಟು ಯಾರಾದ್ರೂ ಹಿಂಗೆ ಮಾಡ್ತಾರಾ?" ಅತ್ತೆ ಅಣ್ಣನಿಗೆ ಕೋಳಿಸಾರು ಬಡಿಸಿದರು. ಎರಡು ತಿಂಗಳಲ್ಲಿ ಕೊಬ್ಬರಿ ತುಂಬುತ್ತಿದ್ದ ಒಂದು ಹಳೇ ಮಳಿಗೆಯನ್ನು ಬಾಡಿಗೆಗೆ ಹಿಡಿದು, ಎಂಟು ಮಿಷನ್ ಹಾಕಿದರು. ಕರೆಂಟು ನಂಬುವ ಹಾಗಿರಲಿಲ್ಲ, ಎಲ್ಲವೂ ಕಾಲಲ್ಲಿ ತುಳಿಯುವ ಮಿಷನ್ನುಗಳೇ. ತುಮಕೂರಿನ ಮೆಕ್ಯಾನಿಕ್ ಗುಬ್ಬಿಗೆ ಬರಲು ಒಪ್ಪದಿದ್ದಾಗ, ಅತ್ತೆ ತಾವೇ ಒಂದು ಮಿಷನ್ ಪೂರ್ತಿ ಬಿಚ್ಚಿ ಹರಡಿದರು. ಮತ್ತೆ ಜೋಡಿಸಲು ನಾಲ್ಕು ದಿನ ಬೇಕಾಯಿತು, ಮೂರು ಸ್ಕ್ರೂ ಮಿಕ್ಕವು. ಆದರೂ ಮಿಷನ್ ಓಡಿತು. "ಕಂಪನಿಯೋರು ಜಾಸ್ತಿ ಹಾಕಿದ್ರು," ಎಂದರಂತೆ.

ಕೆಲಸಕ್ಕೆ ಬಂದವರೆಲ್ಲ ಏಳರ ಬಸ್ಸಿನ ಹೆಂಗಸರೇ. ಅತ್ತೆಯ ನಿಯಮ ಒಂದೇ: ಊಟ ಕಟ್ಟಿಕೊಂಡು ಬರಕೂಡದು. ಮಧ್ಯಾಹ್ನ ಮನೆಗೆ ಹೋಗಿ ಬಿಸಿಯಾಗಿ ಉಂಡು ಬರಬೇಕು.

ಆ ಮಳಿಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಎಂಟು ಮಿಷನ್ ಹದಿನಾಲ್ಕಾದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ದೊಡ್ಡ ಕಾರ್ಖಾನೆಗಳ ಬಸ್ಸುಗಳು ಊರೂರಿಗೇ ಬಂದು ಹೆಂಗಸರನ್ನು ಹತ್ತಿಸಿಕೊಳ್ಳತೊಡಗಿದವು. ಮಿಷನ್ನುಗಳು ಮತ್ತೆ ಎಂಟಾದವು, ಆಮೇಲೆ ಐದು, ಕೊನೆಗೆ ಬಾಗಿಲೇ ಮುಚ್ಚಿತು. ಜಿಲ್ಲೆಯ ಅಸಮಾನತೆ ಅತ್ತೆಯಿಂದ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ ಎಂದು ನನ್ನ ಭಾಗಾಕಾರ ಹೇಳುತ್ತದೆ. ಅದನ್ನು ಅವರ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ.

ನಾನು ಆ ಮಳಿಗೆಗೆ ಮೊದಲ ಸಲ ಹೋದದ್ದು ಅದು ಶುರುವಾಗಿ ಒಂದು ವರ್ಷ ಕಳೆದ ಮೇಲೆ. ಬಟವಾಡಿಯ ಆ ದಿನದಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ತಪ್ಪೊಪ್ಪಿಕೊಳ್ಳಲು ಹೋಗಿದ್ದೆ. ಅವರು ತಲೆ ಎತ್ತಲಿಲ್ಲ. ಮಧ್ಯಾಹ್ನ ಒಂದು ಗಂಟೆಯಾಯಿತು. ಹೆಂಗಸರೆಲ್ಲ ಅರ್ಧ ಹೊಲಿದ ಲಂಗಗಳನ್ನು ಅಲ್ಲಲ್ಲೇ ಬಿಟ್ಟು ಮನೆಗಳ ಕಡೆ ಹೊರಟರು. ಮಳಿಗೆ ಒಮ್ಮೆಗೇ ನಿಶ್ಶಬ್ದವಾಯಿತು. ಅತ್ತೆ ಒಂದು ಸ್ಟೂಲಿನ ಮೇಲೆ ಕೂತು ದಾರದ ಸಿಕ್ಕು ಬಿಡಿಸತೊಡಗಿದರು.

"ನೀವು ಊಟಕ್ಕೆ ಹೋಗಲ್ವಾ ಅತ್ತೆ?" ಎಂದೆ.

ದಾರದ ಒಂದು ಗಂಟು ಬಿಡಿಸಿದರು. ಆಮೇಲೆ, "ನಂಗ್ಯಾರವ್ರೆ ಮನೇಲಿ, ಹೋಗಿ ಉಣ್ಣಕ್ಕೆ," ಎಂದರು. ಕಂಡಕ್ಟರನ್ನೂ ಮಾಲೀಕರನ್ನೂ ಎದುರಿಸಿದ ದನಿ ಅದಾಗಿರಲಿಲ್ಲ.

ಅಷ್ಟರಲ್ಲಿ ಆಗಷ್ಟೇ ಹೋಗಿದ್ದ ಹೆಂಗಸರಲ್ಲಿ ಒಬ್ಬಾಕೆ ಏದುಸಿರು ಬಿಡುತ್ತ ವಾಪಸು ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾ, ಬನ್ನಿ. ಇವತ್ತು ನಮ್ಮನೆ ಸರದಿ, ಮರೆತ್ರಾ? ನಮ್ಮತ್ತೆ ತಟ್ಟೆ ಹಾಕ್ಕಂಡು ಕೂತವ್ರೆ. ನೀವು ಬರಗಂಟ ಕೈ ಹಾಕಲ್ವಂತೆ."

ಅತ್ತೆ ದಾರವನ್ನು ಕೆಳಗಿಟ್ಟರು. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು ಎದ್ದರು. ಹೊಸಿಲು ದಾಟಿದವರು ತಿರುಗಿ, ಒಂದು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

"ನೀನ್ಯಾಕ್ಲಾ ಹಂಗೆ ನಿಂತಿದೀಯಾ? ನೀನೂ ಬಾ."