ಗಸಗಸೆ ಪಾಯಸವೂ ಪಾಲಿಕೆಯ ಅನುದಾನವೂ

ನಾನು ಊಟ ಬಡಿಸಿದ ಕಡೆ ಕೆಲಸ ಕೆಟ್ಟ ಉದಾಹರಣೆ ಇಲ್ಲ. ಇದು ಜಂಬವಲ್ಲ, ಇಪ್ಪತ್ತೆರಡು ವರ್ಷಗಳ ಅನುಭವ. ಉಡುಪಿ ಕಡೆಯಿಂದ ಬಂದು ಕೋಲ್ಕತ್ತಾದ ಗರಿಯಾಹಾಟಿನ ಹಿಂದಿನ ಗಲ್ಲಿಯಲ್ಲಿ ಪುಟ್ಟ ಹೋಟೆಲು ಇಟ್ಟವನು ನಾನು. ಜೊತೆಗೆ ಮದುವೆ, ಮುಂಜಿ, ಆಫೀಸಿನ ಮೀಟಿಂಗು, ಎಲ್ಲದಕ್ಕೂ ಅಡುಗೆ ಒಪ್ಪಿಕೊಳ್ಳುತ್ತೇನೆ. ಮುನಿಸಿಕೊಂಡು ಚಪ್ಪಲಿ ಮೆಟ್ಟಿದ್ದ ಬೀಗರು ನನ್ನ ಸಾರಿನ ಪರಿಮಳಕ್ಕೆ ವಾಪಸು ಬಂದು ಕೂತದ್ದುಂಟು. ಹೀಗಿರುವಾಗ ಮಿತಾಲಿ ದೀ ಬಂದು, "ದಾದಾ, ಅನುದಾನದ ತಪಾಸಣೆಗೆ ಪಾಲಿಕೆಯವರು ಬರ್ತಿದ್ದಾರೆ. ಅವತ್ತಿನ ಊಟ ನೀವು ನೋಡ್ಕೊಳ್ತೀರಾ?" ಎಂದು ಕೇಳಿದಾಗ ನಾನೇನು ಹೇಳಬೇಕು?

"ಅನುದಾನ ಬಂತು ಅಂತಲೇ ತಿಳ್ಕೊಳ್ಳಿ!" ಎಂದುಬಿಟ್ಟೆ.

ಮಿತಾಲಿ ದೀ, ಅಂದರೆ ಮಿತಾಲಿ ಅಕ್ಕ, ನಮ್ಮ ಗಲ್ಲಿಯ ತುದಿಯಲ್ಲಿ ಒಂದು ವ್ಯಸನಮುಕ್ತಿ ಕೇಂದ್ರ ನಡೆಸುತ್ತಾರೆ. ನರ್ಸ್ ಆಗಿ ನಿವೃತ್ತರಾದ ಮೇಲೆ ಬೇರೆಯವರಾದರೆ ತೀರ್ಥಯಾತ್ರೆಗೆ ಹೊರಡುತ್ತಾರೆ. ಈಕೆ ಸಿಯಾಲ್ದಾ ಸ್ಟೇಷನ್ನಿನ ಸುತ್ತಮುತ್ತ ಹೋಗಿ, ಬ್ರೌನ್ ಶುಗರ್ ಸೇದಿ, ನೋವಿನ ಮಾತ್ರೆ ನುಂಗಿ ನುಂಗಿ ಮೂಲೆಯಲ್ಲಿ ಬಿದ್ದವರನ್ನು ಮಾತಾಡಿಸಿ ಕರೆದುಕೊಂಡು ಬರತೊಡಗಿದರು. ಬೈದರೆ ಬೈಸಿಕೊಂಡು ಮರುದಿನ ಮತ್ತೆ ಹೋಗುತ್ತಿದ್ದರು. ಅಲ್ಲಿಗೆ ಬೆಳಗಿನ ಇಡ್ಲಿ ನನ್ನ ಹೋಟೆಲಿನದು. ನಾನು ಜಗತ್ತಿನಲ್ಲಿ ಹೆದರುವುದು ಇಬ್ಬರಿಗೆ, ನನ್ನ ಹೆಂಡತಿ ವನಜಳಿಗೆ ಮತ್ತು ಮಿತಾಲಿ ದೀಗೆ. ಕೈ ಮುಗಿಯಬೇಕು ಅನಿಸುವುದೂ ಆ ಇಬ್ಬರಿಗೇ.

ಇಡ್ಲಿ ಪಾತ್ರೆ ಇಳಿಸುವ ನೆಪದಲ್ಲಿ ನಾನು ದಿನಾ ಅಲ್ಲಿ ಒಂದು ತಮಾಷೆ ನೋಡುತ್ತಿದ್ದೆ. ಎದುರುಬದುರು ಎರಡು ಕುರ್ಚಿ. ಒಬ್ಬ ಹಳೆಯ ಗೆಳೆಯನ ಪಾತ್ರ ಹಾಕಿ, "ತಗೋ ಭಾಯಿ, ಒಂದೇ ಒಂದು ಸಲ, ನನಗೋಸ್ಕರ" ಎಂದು ಖಾಲಿ ಕೈ ಚಾಚುತ್ತಾನೆ. ಇನ್ನೊಬ್ಬ ಅವನ ಕಣ್ಣು ನೋಡಿ, "ನಾ, ಲಾಗ್ಬೇ ನಾ" ಎನ್ನಬೇಕು. ಅಂದರೆ, ಬೇಡ, ನನಗೆ ಅಗತ್ಯವಿಲ್ಲ. ಅಷ್ಟೇ ಪಾಠ. ಆದರೆ ಆ ಎರಡು ಮಾತು ಹೇಳಲು ದೊಡ್ಡ ದೊಡ್ಡ ಗಂಡಸರು ಬೆವರುವುದನ್ನು ನೋಡಿದ ಮೇಲೆ ನನ್ನ ನಗು ನಿಂತುಹೋಯಿತು.

ಈ ಪಾಠದಲ್ಲಿ ಎಲ್ಲರಿಗಿಂತ ಗಟ್ಟಿಗ ತಪನ್ ದಾ, ಅಂದರೆ ತಪನ್ ಅಣ್ಣ. ಬಸ್ ಕಂಡಕ್ಟರಾಗಿದ್ದವನು. ಬೆನ್ನುನೋವಿಗೆಂದು ಶುರುವಾದ ಮಾತ್ರೆ ಅವನ ಕೆಲಸ ತಿಂದಿತು, ಸಂಸಾರ ತಿಂದಿತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಈಗ ಹನ್ನೊಂದು ತಿಂಗಳಿಂದ ಅವನು ಏನನ್ನೂ ಮುಟ್ಟಿಲ್ಲ. ಪಾಲಿಕೆಯ ಅನುದಾನ ಬಂದರೆ ಶಾಲೆಗಳಲ್ಲಿ ತಿಳಿವಳಿಕೆ ಪಾಠ, ಕೇಂದ್ರಕ್ಕೆ ಒಬ್ಬ ಆಪ್ತ ಸಲಹೆಗಾರ, ಜೊತೆಗೆ ವ್ಯಸನದಿಂದ ಹೊರಬಂದವರಿಗೇ ಮೀಸಲಾದ ಸಹಾಯಕನ ಹುದ್ದೆ. ಆ ಹುದ್ದೆ ತಪನ್ ದಾಗೆ ಎಂದು ಮಿತಾಲಿ ದೀ ಆಗಲೇ ನಿರ್ಧರಿಸಿದ್ದರು. "ಕೆಲಸದ ಕಾಗದ ಕೈಗೆ ಬಂದ ದಿನ ಬರ್ತೀನಿ" ಎಂದು ಅವನ ಹೆಂಡತಿಯೂ ಹೇಳಿದ್ದಳು. ಒಂದೇ ಷರತ್ತು: ತಪಾಸಣೆಯ ದಿನ ಅಧಿಕಾರಿಯ ಎದುರೇ ಎಂಟು ಜನರ ಮೂತ್ರ ಪರೀಕ್ಷೆ. ಅದರಲ್ಲಿ ತಪನ್ ದಾ ಒಬ್ಬ.

ಮಿತಾಲಿ ದೀ ಊಟದ ಪಟ್ಟಿಯನ್ನು ಬರೆಸಿಕೊಂಡು ಸಹಿ ಮಾಡಿಕೊಟ್ಟರು. ಅನ್ನ, ಸಾರು, ಎರಡು ಪಲ್ಯ, ಹಪ್ಪಳ, ಶ್ಯಾವಿಗೆ ಪಾಯಸ. ನಾನೂ ಒಪ್ಪಿದೆ. ಆದರೆ ಹಿಂದಿನ ಸಂಜೆ ನನ್ನೊಳಗಿನ ಬಾಣಸಿಗ ಎದ್ದು ಕೂತ!

"ಸರ್ಕಾರದವರು ಬರುವಾಗ ಶ್ಯಾವಿಗೆ ಪಾಯಸವಾ? ನಾಳೆ ಗಸಗಸೆ ಪಾಯಸ!" ಎಂದು ಮನೆಯಲ್ಲಿ ಘೋಷಿಸಿದೆ.

ವನಜ ತಲೆಯೆತ್ತದೆ ಹೇಳಿದಳು, "ಒಪ್ಪಿದ ಮೆನು ಬದಲಿಸ್ಲಿಕ್ಕೆ ಅವರತ್ರ ಒಂದು ಮಾತು ಕೇಳಿ ಮಾರಾಯ್ರೆ. ಪಟ್ಟಿಗೆ ಸಹಿ ಹಾಕಿ ಕೊಟ್ಟಿದ್ದಾರೆ ಅಂದ್ರೆ ಎಂತದೋ ಕಾರಣ ಉಂಟು."

"ಕೇಳಿದ್ರೆ ಆಶ್ಚರ್ಯ ಎಲ್ಲಿ ಉಳೀತದೆ?"

"ಆಶ್ಚರ್ಯ ಮಾಡ್ಲಿಕ್ಕೆ ಹೋಗಿ ನೀವು ಕೆಡಿಸಿದ್ದು ಎಷ್ಟುಂಟು ಅಂತ ನಾನು ಹೇಳ್ಬೇಕಾ?"

ಅವಳು ಹೇಳಬೇಕಿರಲಿಲ್ಲ. ನಾನು ಕೇಳುವವನೂ ಆಗಿರಲಿಲ್ಲ. ಬೆಳಿಗ್ಗೆ ಗಸಗಸೆಯನ್ನು ಘಮ್ಮೆನ್ನುವಂತೆ ಹುರಿದು, ನೆನೆಸಿದ ಅಕ್ಕಿ, ತೆಂಗಿನತುರಿ, ಗೋಡಂಬಿ ಸೇರಿಸಿ ನುಣ್ಣಗೆ ರುಬ್ಬಿದೆ. ಬೆಲ್ಲ ಹಾಕಿ ಕುದಿಸಿ ಏಲಕ್ಕಿ ಉದುರಿಸಿದೆ. ಅಧಿಕಾರಿಗಳ ಗೌರವಾರ್ಥ ಗಸಗಸೆಯನ್ನು ಎರಡರಷ್ಟು ಹಾಕಿದೆ.

ಕೇಂದ್ರದ ಅಡುಗೆಕೋಣೆಯಲ್ಲಿ ಬಂಗಾಳಿಯಲ್ಲಿ ಬರೆದ ಒಂದು ಚೌಕಟ್ಟು ತೂಗುಹಾಕಿದ್ದಾರೆ. ಇಷ್ಟು ವರ್ಷವಾದರೂ ನನಗೆ ಬಂಗಾಳಿ ಮಾತಾಡಲು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ. ಈ ಊರಿನಲ್ಲಿ ಗೋಡೆಯ ಮೇಲೆ ಚೌಕಟ್ಟಿನೊಳಗೆ ಏನಾದರೂ ಇದ್ದರೆ ಅದು ಕವಿತೆಯೇ ಇರಬೇಕು ಎಂಬುದು ನನ್ನ ನಂಬಿಕೆ. ಅವತ್ತೂ ಆ ಕವಿತೆಗೆ ಭಕ್ತಿಯಿಂದ ಕೈ ಮುಗಿದು, ಅದರ ಕೆಳಗೇ ಪಾಯಸದ ಕೊಳಗ ಇಟ್ಟೆ.

ಪಾಲಿಕೆಯಿಂದ ಬಂದವರು ಘೋಷಾಲ್ ಬಾಬು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಫೈಲು. ಹನ್ನೊಂದು ಗಂಟೆಗೆಲ್ಲ ಕೇಂದ್ರದ ನಲವತ್ತು ಜನರ ಪಂಕ್ತಿ ಕೂರಿಸಿದೆವು. ಘೋಷಾಲ್ ಬಾಬು ಮೊದಲ ಗುಟುಕಿಗೇ ಕಣ್ಣು ಮುಚ್ಚಿ, "ಆಹಾ! ಇದರಲ್ಲಿ ಏನೇನು ಹಾಕಿದ್ದೀರಿ?" ಎಂದರು.

"ಅದು ಮನೆತನದ ಗುಟ್ಟು ಸಾರ್!" ಎಂದೆ ನಾನು.

ಅವರು ಮೂರು ಬಟ್ಟಲು ಕುಡಿದರು. ಮಿತಾಲಿ ದೀಗೆ ಸಕ್ಕರೆ ಕಾಯಿಲೆ, ಪಾಯಸದತ್ತ ತಿರುಗಿಯೂ ನೋಡಲಿಲ್ಲ. ತಪನ್ ದಾ ಒಂದು ಬಟ್ಟಲು ಕುಡಿದು, ಮೇಲೆ ಕೈ ಅಡ್ಡ ಹಿಡಿದು, "ನಾ, ಲಾಗ್ಬೇ ನಾ" ಎಂದ.

ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿದರೆ ಇನ್ನೂ ಸ್ವಲ್ಪ ಒತ್ತಾಯ ಮಾಡಿ ಎಂದು ಅರ್ಥ. ಮೂರು ಸಲ ಉಪಚಾರ ಮಾಡದೆ ಮುಂದೆ ಹೋದವನು ಬಡಿಸುವವನೇ ಅಲ್ಲ. "ಒಂದೇ ಒಂದು ಸೌಟು, ನನಗೋಸ್ಕರ!" ಎಂದು ಅವನ ಬೆರಳ ಸಂದಿಯಲ್ಲೇ ಸುರಿದೆ. ಅವನು ಮತ್ತೆ "ನಾ, ಲಾಗ್ಬೇ ನಾ" ಎಂದ. ನಾನು ಮತ್ತೆ ಸುರಿದೆ. ಹೆಂಡತಿ ಬರುವ ಖುಷಿಯಲ್ಲಿದ್ದ ಮನುಷ್ಯ, ನನ್ನ ಮನಸ್ಸು ನೋಯಿಸಲಾರದೆ ಕುಡಿದುಬಿಟ್ಟ.

ಗಸಗಸೆ ಪಾಯಸ ಕುಡಿದ ಮೇಲೆ ಕಣ್ಣು ಎಳೆಯುವುದು ಎಲ್ಲರಿಗೂ ಗೊತ್ತು. ಮಧ್ಯಾಹ್ನ ಒಂದು ಗಂಟೆಗೆ ಮಿತಾಲಿ ದೀ ಕೇಂದ್ರದ ಸಾಧನೆಗಳನ್ನು ವಿವರಿಸುತ್ತಿದ್ದರು. ಸಾಧಿಸಿದವರೆಲ್ಲ ಗೋಡೆಗೆ ಒರಗಿ ತೂಕಡಿಸುತ್ತಿದ್ದರು! "ಇವರೆಲ್ಲ ಯಾಕೆ ಹೀಗಿದ್ದಾರೆ?" ಎಂದು ಕಟುವಾಗಿ ಕೇಳಿದ ಘೋಷಾಲ್ ಬಾಬು, ಉತ್ತರ ಬರುವ ಮುಂಚೆ ತಾವೇ ಒಂದು ಗೊರಕೆ ಹೊಡೆದರು.

ಎರಡು ಗಂಟೆಗೆ ಪರೀಕ್ಷೆ. ಪುಟ್ಟ ಕಪ್ಪು, ಅದರಲ್ಲಿ ಅದ್ದುವ ಪಟ್ಟಿ. ತಪನ್ ದಾ ಪಟ್ಟಿಯಲ್ಲಿ ಒಂದು ಗೆರೆ ಮೂಡಿತು.

"ಒಂದೇ ಗೆರೆ! ಫಸ್ಟ್ ಕ್ಲಾಸ್!" ಎಂದು ಚಪ್ಪಾಳೆ ತಟ್ಟಿದವನು ನಾನೊಬ್ಬನೇ.

ಎರಡು ಗೆರೆ ಬಂದರೆ ಶುದ್ಧ, ಒಂದೇ ಬಂದರೆ ಮೈಯಲ್ಲಿ ಅಫೀಮಿನ ಅಂಶ ಇದೆ ಎಂದು ಅರ್ಥವಂತೆ. ಎಂಟು ಪಟ್ಟಿಗಳಲ್ಲಿ ಏಳಕ್ಕೆ ಒಂದೇ ಗೆರೆ. ಘೋಷಾಲ್ ಬಾಬು ಫೈಲು ಮುಚ್ಚಿದರು.

ಆಗ ತಪನ್ ದಾ ಕೂಗಾಡಲಿಲ್ಲ, ಅಳಲಿಲ್ಲ. ಎದ್ದು ನಿಂತು, "ನಾನು ಏನೂ ತಗೊಂಡಿಲ್ಲ, ದೀ" ಎಂದ. ಮಿತಾಲಿ ದೀ ಆ ಪಟ್ಟಿಯ ಕಡೆ ನೋಡದೆ ಅವನ ಮುಖ ನೋಡಿ, "ನನಗೆ ಗೊತ್ತು" ಎಂದರು. ಎದುರಿಗೆ ಕಾಣುವ ಸಾಕ್ಷಿಗಿಂತ ಒಬ್ಬ ಮನುಷ್ಯನನ್ನು ಹೆಚ್ಚು ನಂಬುವುದು ಎಂದರೆ ಏನು ಎಂದು ನಾನು ಅವತ್ತು ಕಂಡೆ.

ಆಮೇಲೆ ಅವರೊಳಗಿನ ನರ್ಸ್ ಕೆಲಸ ಶುರುಮಾಡಿದಳು. ಎರಡು ಗೆರೆ ಬಂದಿದ್ದ ಎಂಟನೆಯ ಮನುಷ್ಯನ ಕಡೆ ತಿರುಗಿ, "ಊಟದಲ್ಲಿ ನೀವು ಯಾವುದನ್ನು ಬಿಟ್ಟಿರಿ?" ಎಂದು ಕೇಳಿದರು. ಅವನಿಗೂ ಸಕ್ಕರೆ ಕಾಯಿಲೆ. "ಪಾಯಸ" ಎಂದ.

ಮಿತಾಲಿ ದೀ ನಿಧಾನವಾಗಿ ನನ್ನ ಕಡೆ ತಿರುಗಿದರು. "ದಾದಾ, ಶ್ಯಾವಿಗೆಯಲ್ಲಿ ಏನು ಹಾಕಿದ್ರಿ?"

"ಅದು... ಶ್ಯಾವಿಗೆ ಅಲ್ಲ. ಗಸಗಸೆ. ಅಂದ್ರೆ ನಿಮ್ಮ ಪೋಸ್ತೋ."

ನಲವತ್ತು ಜನ ಒಟ್ಟಿಗೆ ಅಡುಗೆಕೋಣೆಯ ಕವಿತೆಯತ್ತ ನೋಡಿದರು. ತಪನ್ ದಾ ಅದರ ಮೂರನೆಯ ಸಾಲನ್ನು ಓದಿ ನನಗೆ ತಿಳಿಸಿದ. ಈ ಕೇಂದ್ರದಲ್ಲಿ ಪೋಸ್ತೋ ನಿಷಿದ್ಧ. ಅಫೀಮಿನ ಗಿಡದ ಬೀಜವಾದ್ದರಿಂದ ಪರೀಕ್ಷೆ ತಪ್ಪು ತೋರಿಸಬಹುದು. ಪೋಸ್ತೋ ಎಂದರೆ ಪ್ರಾಣ ಬಿಡುವ ಬಂಗಾಳಿಗಳು, ನಲವತ್ತು ಜನ, ತಿಂಗಳುಗಟ್ಟಲೆ ಅದನ್ನು ಬಿಟ್ಟು ಕೂತಿದ್ದರು. ನಾನು ಅದನ್ನು ಬೆಲ್ಲ ಹಾಕಿ, ರುಬ್ಬಿ, ಒತ್ತಾಯ ಮಾಡಿ ಕುಡಿಸಿದ್ದೆ!

"ಮಾತಿನಿಂದ ಆಗೋದಿಲ್ಲ, ವರದಿಗೆ ಪುರಾವೆ ಬೇಕು" ಎಂದರು ಘೋಷಾಲ್ ಬಾಬು.

"ನನ್ನನ್ನು ಪರೀಕ್ಷೆ ಮಾಡಿ!" ಎಂದು ಮುಂದೆ ಬಂದೆ. ಏಕಾದಶಿ ತಪ್ಪಿಸದವನು, ಜನ್ಮದಲ್ಲಿ ಒಂದು ಬೀಡಿ ಮುಟ್ಟದವನು. ಕೊಳಗದ ತಳ ಬಳಿದು ಕುಡಿದಿದ್ದೆನಲ್ಲ, ನನ್ನದು ಸಲೀಸಾಗಿ ಒಂದೇ ಗೆರೆ. ಆದರೂ ಘೋಷಾಲ್ ಬಾಬು ಒಪ್ಪಲಿಲ್ಲ. ನಾನು ಯಾರೋ, ನನ್ನ ಅಭ್ಯಾಸ ಏನೋ! ಆಗ ಮಿತಾಲಿ ದೀ, ಮಕ್ಕಳಿಗೆ ಇಂಜೆಕ್ಷನ್ ಕೊಡುವಾಗಿನ ಮುಖ ಮಾಡಿಕೊಂಡು, ಅವರ ಮುಂದೆ ಒಂದು ಖಾಲಿ ಕಪ್ಪು ಹಿಡಿದರು. ಅವರು ಕಪ್ಪನ್ನೂ ದೀಯನ್ನೂ ನೋಡಿ, ಕಪ್ಪನ್ನು ತೆಗೆದುಕೊಂಡು ಎದ್ದು ಹೋದರು.

ಪಾಲಿಕೆಯ ಅಧಿಕಾರಿಗೂ ಒಂದೇ ಗೆರೆ!

ಇಲ್ಲಿ ನಾನು ಆ ಮನುಷ್ಯನನ್ನು ಹೊಗಳಲೇಬೇಕು. ಬೇರೆ ಯಾರಾದರೂ ಆ ಪಟ್ಟಿಯನ್ನು ಜೇಬಿಗೆ ಸೇರಿಸುತ್ತಿದ್ದರು. ಅವರು ಪೆನ್ನು ತೆಗೆದು, "ನಾನೂ ಮೂರು ಬಟ್ಟಲು ಪಾಯಸ ಸೇವಿಸಿದ್ದು, ನನ್ನ ಪರೀಕ್ಷೆಯ ಫಲಿತಾಂಶವೂ ಇದೇ ಆಗಿರುತ್ತದೆ. ಒಂದು ವಾರದ ನಂತರ ಎಲ್ಲರಿಗೂ ಮರುಪರೀಕ್ಷೆ" ಎಂದು ಬರೆದು ಸಹಿ ಹಾಕಿದರು.

ತಪನ್ ದಾ ಆ ಕ್ಷಣವೇ ಹೆಂಡತಿಗೆ ಫೋನು ಮಾಡಿದ. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ತಾನೇ ಹೇಳಬೇಕು ಎಂದು ಎಲ್ಲವನ್ನೂ ಹೇಳಿದ. ಆಕೆ, "ಪಾಯಸ ಮಾಡಿದವನಿಗೆ ಫೋನು ಕೊಡು" ಎಂದಳು. ನನ್ನ ಬಂಗಾಳಿ ಶಬ್ದಸಂಪತ್ತು ಅವತ್ತು ಬಹಳ ಬೆಳೆಯಿತು. ಅರ್ಥವಾಗದ ಬೈಗುಳಕ್ಕೂ ಹೌದು ಎಂದೆ.

ಆ ವಾರ ನನಗೆ ನಿದ್ದೆ ಹತ್ತಲಿಲ್ಲ. ತಪನ್ ದಾ ಮಾತ್ರ ದಿನಾ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು ಅದೇ ಪಾಠ ಹೇಳಿಕೊಟ್ಟ. ವಾರದ ಕೊನೆಗೆ ಅವನ ಪಟ್ಟಿಯಲ್ಲಿ ಎರಡು ಗೆರೆ. ಎಂಟೂ ಜನರಿಗೆ, ಘೋಷಾಲ್ ಬಾಬುವಿಗೂ ಎರಡು ಗೆರೆ! ಅನುದಾನ ಬಂತು, ಹುದ್ದೆ ಬಂತು. ಅವನ ಹೆಂಡತಿ, ಮಗಳು ನನ್ನ ಹೋಟೆಲಿಗೇ ಬಂದು ಮಸಾಲೆ ದೋಸೆ ತಿಂದರು. ಆಕೆ ಚಟ್ನಿಯನ್ನು ಮೂಸಿ ನೋಡಿ, "ಇದರಲ್ಲಿ ಏನೇನು ಹಾಕಿದ್ದೀರಿ?" ಎಂದು ಕೇಳಿದಳು. ನಾನು ಒಗ್ಗರಣೆಯ ಸಾಸಿವೆಯವರೆಗೂ ಒಪ್ಪಿಸಿದೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಪನ್ ದಾ ಕೆಲಸಕ್ಕೆ ಸೇರಿದ ಮೊದಲ ವಾರವೇ ಹೋಟೆಲಿಗೆ ಬಂದು, ನನ್ನನ್ನು ಮೂಲೆಯ ಟೇಬಲ್ಲಿಗೆ ಕರೆದು, ದನಿ ತಗ್ಗಿಸಿ ಹೇಳಿದ, "ದಾದಾ, ಮರುಪರೀಕ್ಷೆಯ ರಿಜಿಸ್ಟರಿನಲ್ಲಿ ಒಂದೇ ಹೆಸರು ಬಾಕಿ ಇದೆ. ನಿಮ್ಮದು. ನಾಚಿಕೊಳ್ಳಬೇಡಿ. ನಾನೂ ಅಲ್ಲಿಂದಲೇ ಎದ್ದು ಬಂದವನು."

ವನಜ ಗಲ್ಲಾಪೆಟ್ಟಿಗೆಯ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಹೋಗಿ ಬನ್ನಿ ಮಾರಾಯ್ರೆ, ಅಂಜಬೇಡಿ. ನಾನು ನಿಮ್ಮ ಕೈ ಬಿಡುವುದಿಲ್ಲ!"

ಹೋದೆ. ಕಪ್ಪು ಹಿಡಿದು ಸಾಲಿನಲ್ಲಿ ನಿಂತೆ. ಎರಡು ಗೆರೆ ಬಂದಾಗ ನಲವತ್ತು ಜನ ಎದ್ದು ಚಪ್ಪಾಳೆ ತಟ್ಟಿದರು. ಇಪ್ಪತ್ತೆರಡು ವರ್ಷ ಬಡಿಸಿದ್ದೇನೆ, ಒಬ್ಬರೂ ನನಗಾಗಿ ಎದ್ದು ನಿಂತದ್ದಿಲ್ಲ. ಕಣ್ಣು ತುಂಬಿತು. ತಪನ್ ದಾ ಸಂದೇಶ್ ಎಂಬ ಬಂಗಾಳಿ ಸಿಹಿತಿಂಡಿಯ ತಟ್ಟೆ ತಂದು ಒಂದು ಕೊಟ್ಟ. ಬೆಲ್ಲದ ಸಂದೇಶ್, ಬಾಯಲ್ಲಿಟ್ಟರೆ ಕರಗುವಂಥದ್ದು. "ಇನ್ನೊಂದು?" ಎಂದು ಕೇಳಿದ.

ಮರ್ಯಾದೆಗೆ ನಾನು ಕೈ ಅಡ್ಡ ಹಿಡಿದು, "ನಾ, ಲಾಗ್ಬೇ ನಾ" ಎಂದೆ.

ಅವನು ನನ್ನ ಕಣ್ಣು ನೋಡಿ ಮೆಚ್ಚಿ ತಲೆಯಾಡಿಸಿ, ತಟ್ಟೆಯನ್ನು ಪಕ್ಕದವನಿಗೆ ದಾಟಿಸಿಬಿಟ್ಟ!